ಸುಡದ ಪಾದ

ನಮ್ಮ ಅತ್ತೆ ಶಿವಲಿಂಗಮ್ಮನವರ ಪಾದಗಳಿಗೆ ಕ್ರೋಂಪೇಟೆಯಲ್ಲಿ ಹೆಸರಿತ್ತು. ಕೆಲವರಿಗೆ ಹಾಡಿನಿಂದ ಹೆಸರು ಬರುತ್ತದೆ, ಕೆಲವರಿಗೆ ಕೈಯಡುಗೆಯಿಂದ. ಅವರಿಗೆ ಬಂದದ್ದು ಅಂಗಾಲಿನಿಂದ. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ, ಮದ್ರಾಸಿನ ಬೀದಿನಾಯಿ ಕೂಡ ನಿಂತ ಬಸ್ಸಿನ ನೆರಳು ಹುಡುಕುವ ಹೊತ್ತಿನಲ್ಲಿ, ಅವರು ನಮ್ಮ ಬೀದಿಯಾಚೆಯ ಈಶ್ವರನ ಗುಡಿಗೆ ಬರಿಗಾಲಲ್ಲಿ ಹೋಗಿ, ಕಾದ ಕಲ್ಲುಹಾಸಿನ ಮೇಲೆ ಹನ್ನೊಂದು ಸುತ್ತು ಬರುತ್ತಿದ್ದರು. ಬೇರೆಯವರಂತೆ ಓಡುತ್ತಿರಲಿಲ್ಲ, ತುದಿಗಾಲಲ್ಲಿ ಕುಣಿಯುತ್ತಿರಲಿಲ್ಲ. ಹೊಸ ಸೊಸೆ ಹೊಸಿಲು ದಾಟಿ ಬರುವಂತೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದರು.

ಅದು ಹರಕೆ. ನನ್ನ ಮಗಳು ಮೌನ ಎರಡರ ಕೂಸಾಗಿದ್ದಾಗ ಕಾಮಾಲೆಯಾಗಿ, ಕಣ್ಣು ಅರಿಶಿನದ ಕೊಂಬಿನ ಹಾಗೆ ಆಗಿಬಿಟ್ಟಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ ಕೊರಳಿನ ಲಿಂಗವನ್ನು ಹಿಡಿದುಕೊಂಡು ನಂಜುಂಡೇಶ್ವರನಿಗೆ ಹೇಳಿಕೊಂಡರಂತೆ: ವಿಷ ಕುಡಿದು ಕೊರಳಲ್ಲಿಟ್ಟುಕೊಂಡವನೇ, ಈ ಮಗುವಿನ ಮೈಯ ಹಳದಿಯನ್ನೂ ಕುಡಿದುಬಿಡು, ಉಸಿರಿರುವ ತನಕ ಬೆಂಕಿಬಿಸಿಲಲ್ಲಿ ನಿನ್ನನ್ನು ಸುತ್ತುತ್ತೇನೆ, ಆ ಉರಿ ನನಗಿರಲಿ. ಮಗು ಎದ್ದಳು. ಎದ್ದವಳು ಬಾಯಿ ತೆರೆದರೆ ಇವತ್ತಿಗೂ ಮುಚ್ಚುವುದಿಲ್ಲ. ಮೌನ ಎಂದು ಹೆಸರಿಟ್ಟ ನಮ್ಮ ಯಜಮಾನರನ್ನು ಬೀದಿಯವರೆಲ್ಲ ಗೇಲಿ ಮಾಡುತ್ತಾರೆ.

ಮೊದಲ ಎರಡು ಬೇಸಿಗೆ ಅತ್ತೆಯ ಕಾಲು ಬೊಬ್ಬೆ ಎದ್ದಿತು. ಹರಳೆಣ್ಣೆ ಸವರಿಕೊಂಡು, ಹಲ್ಲು ಕಚ್ಚಿ, ಆದರೂ ನಗುನಗುತ್ತ ಕೂತಿರುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಆ ಉರಿ ಕಡಿಮೆಯಾಗುತ್ತ ಬಂತು. ಒಂದು ಮಧ್ಯಾಹ್ನ ಗುಡಿಯಿಂದ ಬಂದವರು ಜಗಲಿಯಲ್ಲಿ ಕೂತು, "ಜಲಜಾ, ಈ ಸರ್ತಿ ಕಲ್ಲು ಬೆಳದಿಂಗಳಲ್ಲಿ ಇಟ್ಟಂಗಿತ್ತು ಕಣೇ. ನನ್ನ ಕಾಲಿನ ಬೆಂಕೀನೂ ಅವನೇ ಕುಡಕೊಂಡ," ಎಂದರು. ನಾನು ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಆ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ನಮ್ಮಲ್ಲಿ ರೈಲ್ವೆಯವರು, ಬ್ಯಾಂಕಿನವರು, ಎಲ್ಲೈಸಿಯವರು ಎಂದು ಹತ್ತಿಪ್ಪತ್ತು ಕನ್ನಡದ ಮನೆಗಳು. ಸೋಮವಾರ ಸಂಜೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಹೆಂಗಸರ ಭಜನೆ. ಪರವೂರಿನಲ್ಲಿ ಇದ್ದವರಿಗೆ ತಮ್ಮದು ಎಂದು ಹೇಳಿಕೊಳ್ಳಲು ಏನಾದರೂ ಬೇಕಲ್ಲ. ತಮಿಳಿನ ನೆರೆಯವರು ತಮ್ಮ ಕಾವಡಿಯನ್ನೂ ಕೆಂಡ ತುಳಿಯುವುದನ್ನೂ ಹೇಳಿದರೆ, ನಮ್ಮ ಬ್ಯಾಂಕಿನ ಪ್ರೇಮಮ್ಮ ಎದೆ ಸೆಟೆಸಿ, "ನಮ್ಮ ಶಿವಲಿಂಗಮ್ಮನವರನ್ನ ಬಂದು ನೋಡಿ. ಕತ್ತರೀಲೂ ಕಲ್ಲು ಅವರ ಕಾಲು ಸುಡಲ್ಲ," ಎನ್ನುತ್ತಿದ್ದರು. ಕೊನೆಯ ಸುತ್ತಿನ ದಿನ ಅವರೆಲ್ಲ ನಮ್ಮ ಮನೆಗೆ ಬಂದು ಅತ್ತೆಯ ಪಾದ ತೊಳೆದು, ವಿಭೂತಿ ಹಚ್ಚಿ, ಹೂವಿಡುವುದು ತಾನಾಗಿಯೇ ಪದ್ಧತಿಯಾಯಿತು.

ಅತ್ತೆಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಿಲ್ಲದ್ದಲ್ಲ. ಮಾತ್ರೆ ಕೊಟ್ಟಿದ್ದರು. ಸುಸ್ತಾದ ದಿನ ನುಂಗುವರು, ಇಲ್ಲದ ದಿನ ಹಾಗಲಕಾಯಿ ರಸ ಕುಡಿದು, "ಇದಕ್ಕಿಂತ ಕಹಿ ಆ ಮಾತ್ರೇಲಿ ಏನೈತೆ?" ಎನ್ನುವರು. ಮಗ್ಗುಲಲ್ಲಿಟ್ಟುಕೊಂಡ ಚೊಂಬು ನೀರು ಬೆಳಗಾಗುವಷ್ಟರಲ್ಲಿ ಬರಿದಾಗಿರುತ್ತಿತ್ತು. ಒಮ್ಮೆ ಮಾರ್ಕೆಟ್ಟಿನಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಎಲ್ಲಿ ಕಳಚಿತೆಂದು ಅವರಿಗೆ ತಿಳಿದೇ ಇರಲಿಲ್ಲ. "ಈಶ್ವರ ಇಸ್ಕೊಂಡ ಬಿಡವ್ವ, ಒಂಟಿಕಾಲಿನ ಗಣ ಯಾವುದಾದ್ರೂ ಇರಬೇಕು ಅವನತ್ರ," ಎಂದು ಅವರೇ ನಕ್ಕರು. ನಾವೂ ನಕ್ಕೆವು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಬಂತು. ಲಾರಿ ನೀರಿಗಾಗಿ ಬೀದಿಯುದ್ದಕ್ಕೂ ಕೊಡಗಳು ಸಾಲುಗಟ್ಟಿದ ವರ್ಷ ಅದು. ಅಂಥದರಲ್ಲೂ ಪ್ರೇಮಮ್ಮ ತಮ್ಮ ಮನೆಯ ಪಾಲಿನಿಂದ ಒಂದು ತಂಬಿಗೆ ಉಳಿಸಿ ತಂದಿದ್ದರು. ಅತ್ತೆ ಆಗಷ್ಟೇ ಸುತ್ತು ಮುಗಿಸಿ ಮಣೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಬಲಪಾದ ಇಟ್ಟರು. ಪ್ರೇಮಮ್ಮ ನೀರು ಹನಿಸಿ ಅಂಗಾಲು ಉಜ್ಜಿದವರು "ಸ್" ಎಂದು ಕೈ ಹಿಂದೆಗೆದರು. ಅವರ ಬೆರಳಿನಲ್ಲಿ ರಕ್ತದ ಚುಕ್ಕಿ.

ಅತ್ತೆಯ ಹೆಬ್ಬೆರಳಿನ ಬುಡದಲ್ಲಿ, ದಪ್ಪಗೆ ಗಟ್ಟಿಯಾದ ಚರ್ಮದಲ್ಲಿ, ಒಂದು ಗುಂಡುಪಿನ್ನು ಅಡ್ಡಡ್ಡ ಹೊಕ್ಕು ಅರ್ಧಕ್ಕೆ ಮುರಿದು ನಿಂತಿತ್ತು. ಮುರಿದ ತುದಿ ಪ್ರೇಮಮ್ಮನವರ ಬೆರಳಿಗೆ ಚುಚ್ಚಿತ್ತು. ಯಾವಾಗ ಹೊಕ್ಕಿತ್ತೋ, ಸುತ್ತಲಿನ ಚರ್ಮ ಬಿಳಿಚಿ ಊದಿಕೊಂಡಿತ್ತು.

"ವಲಿಕ್ಕಲಿಯಾ ಅಜ್ಜಿ?" ಎಂದಳು ಮೌನ. ನೋಯುವುದಿಲ್ಲವೇ ಎಂದು ಅವಳು ಕೇಳಿದ್ದು. ಶಾಲೆಗೆ ಸೇರಿದ ಮೇಲೆ ಅವಳ ಮಾತೆಲ್ಲ ತಮಿಳೇ.

"ಏನು ನೋಯೋದು? ಏನೈತೆ ಅಲ್ಲಿ?" ಎಂದು ಅತ್ತೆ ಬಗ್ಗಿ ನೋಡಿದರು.

ಪ್ರೇಮಮ್ಮ ತಮ್ಮ ಬೆರಳನ್ನು ಎಲ್ಲರಿಗೂ ತೋರಿಸಿ, "ನೋಡಿದ್ರಾ? ನನಗೆ ತುದಿ ತಾಗಿದ್ದಕ್ಕೆ ರಕ್ತ ಬಂತು, ಅವರ ಕಾಲೊಳಗೇ ಹೋಗಿದ್ರೂ ಗೊತ್ತಾಗ್ಲಿಲ್ಲ. ಇದು ಮನುಷ್ಯರ ಕಾಲಲ್ಲ," ಎಂದರು. ಭಜನೆಗೆ ಬರುವ ಚಂದ್ರಮತಿ ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡಳು. ಅತ್ತೆಯ ಮುಖ ದೀಪ ಹಚ್ಚಿದಂತಾಯಿತು.

ನನಗೆ ಮಾತ್ರ ನಮ್ಮ ತಾತ ನೆನಪಾದರು. ಊರಿನ ಸಂತೆಯಲ್ಲಿ ಅವರು ಎತ್ತು ಕೊಳ್ಳುವಾಗ ಹಲ್ಲು ನೋಡುವುದಕ್ಕಿಂತ ಮೊದಲು ಗೊರಸು ನೋಡುತ್ತಿದ್ದರು. "ಮುಳ್ಳು ಚುಚ್ಚಿದ್ರೂ ಕಾಲೆತ್ತದ ಎತ್ತನ್ನ ಸಾಧು ಅಂತ ಹೊಗಳಬೇಡ ಮಗಾ, ಮಲಗಿಸಿ ಕಾಲು ನೋಡು," ಎಂಬುದು ಅವರ ಮಾತು. ದೇವರ ಪಾದವೆಂದು ಎಲ್ಲರೂ ಕೈಮುಗಿಯುತ್ತಿರುವಾಗ ನನಗೆ ಎತ್ತಿನ ಗೊರಸು ನೆನಪಾಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ಆದರೂ ಆ ನೆನಪು ಬಿಡಲಿಲ್ಲ.

ಪಿನ್ನು ಕಿತ್ತು ಅರಿಶಿನ ಒತ್ತಿದ್ದಾಯಿತು. ವಾರ ಕಳೆಯುವಷ್ಟರಲ್ಲಿ ಅತ್ತೆ ನಡೆದಲ್ಲೆಲ್ಲ ಕೆಂಪು ಗಾರೆ ನೆಲದ ಮೇಲೆ ನಾಣ್ಯದಗಲದ ಒದ್ದೆ ಗುರುತು ಬೀಳತೊಡಗಿತು. ನೆಲ ಒರೆಸುವವಳು ನಾನು. ಬಟ್ಟೆಗೆ ಕೀವಿನ ವಾಸನೆ ಅಂಟಿತು.

"ಅತ್ತೆ, ಡಾಕ್ಟರಿಗೆ ತೋರಿಸೋಣ," ಎಂದೆ.

"ನೋವೈತಾ ನನಗೆ? ಇಲ್ಲ. ನೋವಿಲ್ಲದೆ ಹೋದ್ರೆ ಡಾಕ್ಟರ ಹತ್ರ ಏನಂತ ಹೇಳ್ಕೊಳ್ಳಲಿ? ಚೆನ್ನಾಗಿದೀನಿ, ಔಷಧಿ ಕೊಡಿ ಅನ್ನಲಾ?"

ನಮ್ಮ ಯಜಮಾನರು ಮಂಜುನಾಥ್ ಪೇಪರಿನ ಹಿಂದಿನಿಂದ, "ಅವ್ವ, ಜಲಜಾ ಹೇಳೋದು ಕೇಳು," ಎಂದರು. "ನೀನು ಸುಮ್ಕಿರ್ಲಾ. ಹೆಂಡ್ತಿ ಹೇಳಿದ್ರೆ ಸಾಕು, ಹಸಿರು ಬಾವುಟ ಬೀಸ್ತೀಯ," ಎಂದರು ಅತ್ತೆ. ರೈಲ್ವೆ ಆಫೀಸಿನಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಪೇಪರಿನ ಹಿಂದಕ್ಕೇ ಹೋದರು.

ನಾನು ದೇವರ ಗೂಡಿನಿಂದ ಒಂದು ಹೂಬತ್ತಿ ತಂದು ಅತ್ತೆಯ ಕಾಲ ಬಳಿ ಕೂತೆ. "ಕಣ್ಣು ಮುಚ್ಚಿ ಅತ್ತೆ. ಹತ್ತಿ ಸೋಕಿಸ್ತೀನಿ. ಯಾವ ಬೆರಳು ಅಂತ ಹೇಳಿ."

"ಮೊಮ್ಮಗಳ ಆಟ ಮುಗೀತು, ಈಗ ಸೊಸೇದು," ಎಂದು ಕಣ್ಣು ಮುಚ್ಚಿದರು.

ನಾನು ಕಿರುಬೆರಳಿಗೆ ಸೋಕಿಸಿದೆ. ಪಕ್ಕದ್ದಕ್ಕೆ. ಅದರ ಪಕ್ಕದ್ದಕ್ಕೆ. ಹೆಬ್ಬೆರಳನ್ನು ಬತ್ತಿಯಿಂದ ಉಜ್ಜಿದೆ. ಅಂಗಾಲಿಗೆ ಬಂದೆ.

"ಮುಟ್ಟೇ, ಎಷ್ಟೊತ್ತು ಕಣ್ಮುಚ್ಚಿ ಕೂರಲಿ?" ಎಂದರು ಅತ್ತೆ.

"ಎಲ್ಲಾ ಮುಟ್ಟಿ ಆಯ್ತು ಅತ್ತೆ."

ಅವರು ಕಣ್ಣು ಬಿಟ್ಟರು. ಬತ್ತಿ ಇನ್ನೂ ಅವರ ಅಂಗಾಲಿನ ಮೇಲೆಯೇ ಇತ್ತು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕೆನ್ನೆಗೆ ಸೋಕಿಸಿಕೊಂಡರು, ಮುಂಗೈಗೆ ಸೋಕಿಸಿಕೊಂಡರು, ಆಮೇಲೆ ಪಾದಕ್ಕೆ. ಎದ್ದು ಪೂಜೆಗೆ ಕೂತರು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಎಲ್ಲ ಮುಗಿಸಿ ಹೊರಬಂದವರು, "ಅಂಗೈಯಲ್ಲಿ ತಣ್ಣಗೆ ಗೊತ್ತಾಗ್ತಾನೆ ಕಣೇ. ಕೈಗೆ ಗೊತ್ತಾಗೋನು ಕಾಲಿಗೆ ಯಾಕೆ ಗೊತ್ತಾಗಲಿಲ್ಲ? ನಾಳೆ ಹೋಗಾನ ನಡಿ," ಎಂದರು.

ಸೈದಾಪೇಟೆಯಲ್ಲಿ ನಾವು ಹೋದ ಸಕ್ಕರೆ ಕಾಯಿಲೆಯ ಡಾಕ್ಟರಮ್ಮನ ಹೆಸರು ಜಯಲಕ್ಷ್ಮೀ. ತಮಿಳಿನವರು, ನರೆತ ತಲೆ, ಹಣೆಯಲ್ಲಿ ಅತ್ತೆಯದರಷ್ಟೇ ಅಗಲವಾದ ವಿಭೂತಿ. ಆ ವಿಭೂತಿ ನೋಡಿಯೇ ಅತ್ತೆ ಅರ್ಧ ಶರಣಾದರು. ಡಾಕ್ಟರಮ್ಮ ಕಾಲಿನ ಮೇಲೆ ನಾಡಿ ಹುಡುಕಿ, "ರಕ್ತ ಚೆನ್ನಾಗಿ ಓಡುತ್ತಿದೆ, ಅದು ನಮ್ಮ ಅದೃಷ್ಟ," ಎಂದರು. ಒಂದು ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಒತ್ತಿದರು. ಮಿಡಿದರೆ ಗುಂಯ್‌ಗುಡುವ ಒಂದು ಕಬ್ಬಿಣದ ಕವಲನ್ನು ಹೆಬ್ಬೆರಳಿಗೆ ತಾಗಿಸಿದರು. ಗೊತ್ತಾಗುತ್ತಾ ಎಂದು ಕೇಳಿದಾಗಲೆಲ್ಲ ಅತ್ತೆ ಇಲ್ಲ, ಇಲ್ಲ ಎಂದು ತಲೆಯಾಡಿಸಿದರು. ಎಕ್ಸ್‌ರೇ ತೆಗೆಸಿ ನೋಡಿದಾಗ ಸೋಂಕು ಮೂಳೆಗೆ ಇಳಿದಿರಲಿಲ್ಲ. ರಕ್ತದಲ್ಲಿ ಸಕ್ಕರೆ ಮುನ್ನೂರು ದಾಟಿತ್ತು.

ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಸಕ್ಕರೆ ವರ್ಷಗಟ್ಟಲೆ ಏರಿಕೊಂಡೇ ಇದ್ದರೆ ನರಗಳು ಸೊರಗುತ್ತವೆ, ಎಲ್ಲಕ್ಕಿಂತ ದೂರದವು ಮೊದಲು. ಅದಕ್ಕೇ ಪಾದದಿಂದ ಶುರು. ಮೊದಮೊದಲು ಇರುವೆ ಹರಿದಂತೆ ಜುಮುಗುಟ್ಟುತ್ತದೆ, ಕೆಲವರಿಗೆ ರಾತ್ರಿ ಉರಿಯುತ್ತದೆ, ಆಮೇಲೆ ಹತ್ತಿಯ ಮೇಲೆ ನಡೆದಂತೆ, ಕೊನೆಗೆ ಏನೂ ಇಲ್ಲ. ಕಳಚಿದ ಚಪ್ಪಲಿಯೂ ತಿಳಿಯುವುದಿಲ್ಲ, ಹೊಕ್ಕ ಮೊಳೆಯೂ ತಿಳಿಯುವುದಿಲ್ಲ. ಅತ್ತೆ ನನ್ನ ಮುಖ ನೋಡಿದರು. ನಾವು ನಕ್ಕಿದ್ದ ಆ ಒಂಟಿ ಚಪ್ಪಲಿ ಇಬ್ಬರ ಕಣ್ಣಲ್ಲೂ ಬಂದು ಹೋಯಿತು.

ಸತ್ತ ಚರ್ಮ ಕತ್ತರಿಸಿ ಗಾಯ ಕೆರೆದರು. ಮರಗಟ್ಟಿಸುವ ಸೂಜಿಯನ್ನೂ ಕೊಡಬೇಕಾಗಲಿಲ್ಲ. ಅತ್ತೆ ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದರು. ದಿನವೂ ಇನ್ಸುಲಿನ್ ಇಂಜೆಕ್ಷನ್, ಸೋಂಕಿಗೆ ಮಾತ್ರೆ, ಗಾಯದ ಮೇಲೆ ಭಾರ ಬೀಳದಂತೆ ವಿಶ್ರಾಂತಿ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ಎಲ್ಲಕ್ಕೂ ಹೂಂ ಎಂದರು. ಕೊನೆಗೆ ಡಾಕ್ಟರಮ್ಮ ಮೆತ್ತನೆಯ ರಬ್ಬರಿನ, ಹಿಮ್ಮಡಿಗೆ ಪಟ್ಟಿಯಿದ್ದ ಕರಿ ಚಪ್ಪಲಿಯ ಜೊತೆಯೊಂದನ್ನು ತರಿಸಿ, "ಇನ್ನು ಬರಿಗಾಲು ಇಲ್ಲ. ಮನೆಯೊಳಗೂ ಇದೇ," ಎಂದರು.

"ಮನೆಯೊಳಗೆ ಹೆಂಗೆ?" ಎಂದರು ಅತ್ತೆ.

"ಅಡುಗೆಮನೆಯಲ್ಲೂ. ಪೂಜೆಯಲ್ಲೂ."

"ಪೂಜೆಯಲ್ಲಿ ಚಪ್ಪಲಿಯಾ? ಹಂಗಾದ್ರೆ ಬೆರಳು ಕುಯ್ದುಬುಡಿ ತಾಯಿ, ನಡೀತದೆ."

ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಬೇಕಾಗಲಿಲ್ಲ. ಡಾಕ್ಟರಮ್ಮ ಅವರ ಕೈಹಿಡಿದು, "ಬೆರಳಿಗೆ ನಿಲ್ಲೋದಿಲ್ಲ ಅಮ್ಮ. ಬೆರಳು ಆದಮೇಲೆ ಪಾದ, ಪಾದ ಆದಮೇಲೆ ಕಾಲು," ಎಂದಷ್ಟೇ ಹೇಳಿದರು.

ಮನೆಗೆ ಬಂದ ಚಪ್ಪಲಿ ಡಬ್ಬಿಯಲ್ಲೇ ಉಳಿಯಿತು. ಹಗಲೆಲ್ಲ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿರುವರು. ಬೆಳಗಿನ ಜಾವ ಮಾತ್ರ ನಾವು ಏಳುವ ಮೊದಲೇ ಬರಿಗಾಲಲ್ಲಿ ದೇವರ ಗೂಡಿನ ತನಕ ಪೂಜೆಗೆ ಹೋಗಿಬರುವರು. ಮುಂದಿನ ಸಲ ಕಟ್ಟು ಬಿಚ್ಚಿದಾಗ ಗಾಯದ ಅಂಚು ಮತ್ತೆ ಒಡೆದಿತ್ತು. ಡಾಕ್ಟರಮ್ಮ ಬೈಯಲಿಲ್ಲ, ಇನ್ನೊಮ್ಮೆ ಹೀಗಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ಆ ದಿನ ಎಲೆಕ್ಟ್ರಿಕ್ ಟ್ರೈನಿನಲ್ಲಿ ಕಿಟಕಿಯ ಬಳಿ ಕೂತ ಅತ್ತೆ ಸೈದಾಪೇಟೆಯಿಂದ ಪಲ್ಲಾವರದ ತನಕ ಹೊರಗೇ ನೋಡುತ್ತಿದ್ದರು. ಆಮೇಲೆ, ಮುಖ ತಿರುಗಿಸದೆಯೇ, "ಜಲಜಾ, ನಾನು ಕೊಡ್ತೀನಿ ಅಂದದ್ದು ಏನು ಅವನಿಗೆ?" ಎಂದರು.

"ಹನ್ನೊಂದು ಸುತ್ತು."

"ಅಲ್ಲ. ಉರಿ ನನಗಿರಲಿ ಅಂದಿದ್ದೆ. ಮೊದಲ ಎರಡು ವರ್ಷ ಉರಿ ಪಟ್ಟೆ, ಸರಿ. ಆಮೇಲೆ ಏನು ಪಟ್ಟೆ? ಗಾಣದ ಕಲ್ಲು ಸುತ್ತಿದಂಗೆ ಸುತ್ತಿದೆ. ಪ್ರೇಮ ಕಾಲು ತೊಳೆದಳು, ನಾನು ತೊಳೆಸ್ಕೊಂಡೆ. ಅದು ತಂಪಾಗಿತ್ತು."

ನಾನು ಏನೋ ಸಮಾಧಾನ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು.

"ಈಗ ಆ ಡಬ್ಬಿ ನೋಡಿದ್ರೆ ಮೈಯೆಲ್ಲ ಉರೀತದೆ. ಆ ಹೆಂಗಸರ ಮುಂದೆ ಅದನ್ನ ಹಾಕ್ಕೊಂಡು ಹೋಗಬೇಕು ಅಂದ್ರೆ ಕತ್ತರಿ ಬಿಸಿಲೂ ಹಂಗೆ ಉರಿದಿರಲಿಲ್ಲ. ನಾನು ಹೊರಬೇಕಾದ ಉರಿ ಇದೇ ಏನೋ."

ಕ್ರೋಂಪೇಟೆ ಬಂದಾಗ ನಾನು ಅವರ ಕೈಹಿಡಿದು ಇಳಿಸಿದೆ.

ಆ ಸೋಮವಾರದ ಭಜನೆ ನಮ್ಮ ಮನೆಯಲ್ಲೇ. ಚಾಪೆ ಹಾಸಿ, ಈಶ್ವರನ ಪಟಕ್ಕೆ ಹೂವೇರಿಸಿದ್ದೆ. ಹೆಂಗಸರೆಲ್ಲ ಬಂದು ಕೂತಿದ್ದರು. ಅತ್ತೆಯ ಕಾಲಿಗೆ ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ದೃಷ್ಟಿ ತಾಗಿದೆ ಎಂಬ ಮಾತೂ ಓಡಾಡುತ್ತಿತ್ತು. ಪ್ರೇಮಮ್ಮ ಪಾದ ತೊಳೆಯಲೆಂದು ಈ ಸಲವೂ ಒಂದು ತಂಬಿಗೆ ನೀರು ತಂದಿದ್ದರು.

ಒಳಕೋಣೆಯ ಬಾಗಿಲು ತೆರೆಯಿತು. ಅತ್ತೆ ಮಿಂದು, ಹಣೆತುಂಬ ವಿಭೂತಿ ಧರಿಸಿ, ಮದುವೆಗಳಿಗೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟಿದ್ದರು. ಸೀರೆಯನ್ನು ಬೇಕೆಂದೇ ಒಂದು ಗೇಣು ಎತ್ತರಕ್ಕೆ ಉಟ್ಟಿದ್ದರು. ಪಾದದಲ್ಲಿ ಕರಿ ಚಪ್ಪಲಿ, ಪಟ್ಟಿ ಬಿಗಿದದ್ದು. ಗುಡಿಯ ಕಲ್ಲಿನ ಮೇಲೆ ನಡೆಯುತ್ತಿದ್ದ ಅದೇ ನಡಿಗೆಯಲ್ಲಿ, ಅವಸರವಿಲ್ಲದೆ, ಚಾಪೆಗಳ ನಡುವೆ ಹಾದು ಪಟದ ಎದುರಿಗೆ ಬಂದು ನಿಂತರು. ಕೈಮುಗಿದರು. ನನ್ನ ಅತ್ತೆ ಎಂದು ನನಗೆ ಅಷ್ಟು ಹೆಮ್ಮೆಯೆನಿಸಿದ್ದು ಅದೇ ಮೊದಲು. ಸುಡದ ಪಾದವನ್ನು ಕಣ್ಣಿಗೊತ್ತಿಕೊಂಡ ದಿನವೂ ಅಷ್ಟು ಎನಿಸಿರಲಿಲ್ಲ.

"ಶಿವಲಿಂಗಮ್ಮನೋರೇ," ಪ್ರೇಮಮ್ಮ ಸಣ್ಣ ದನಿಯಲ್ಲಿ ಎಂದರು, "ಮರೆತು ಹಂಗೇ ಬಂದ್ರಿ ಅನ್ಸುತ್ತೆ. ದೇವರ ಮುಂದೆ..."

"ಮರೆತಿಲ್ಲ ಪ್ರೇಮ. ಹಾಕ್ಕೊಂಡೇ ಬಂದೆ."

"ಆದ್ರೂ ಮೈಲಿಗೆ ಅಲ್ವಾ? ಚಪ್ಪಲಿ ಅಂದ್ರೆ..."

"ಯಾರ ಮನೆ ಇದು? ಆನೆ ತೊಗಲು ಹೊದ್ದು, ಹುಲಿ ತೊಗಲ ಮೇಲೆ ಕೂತು, ಸುಡುಗಾಡಿನ ಬೂದಿ ಬಳಕೊಂಡೋನ ಮನೆ. ಅಂಥೋನ ಮುಂದೆ ರಬ್ಬರು ತಂದದ್ದಕ್ಕೆ ಮೈಲಿಗೆ ಅಂದ್ರೆ ಅವನೇ ನಕ್ಕಾನು."

ಹಿಂದೆ ಕೂತ ಚಂದ್ರಮತಿ ಕಿಸಕ್ಕನೆ ನಕ್ಕಳು. ಪ್ರೇಮಮ್ಮ ತಂಬಿಗೆಯನ್ನು ಮುಂದೆ ಮಾಡಿದರು. ಅತ್ತೆ ಅದನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. "ಈ ಬರಗಾಲದಲ್ಲಿ ಕಾಲಿಗೆ ಸುರೀಬೇಡಿ. ಗಾಯಕ್ಕೂ ನೀರು ಆಗಲ್ಲ. ಕಾಫಿಗಿಡು ಜಲಜಾ." ಆಮೇಲೆ ಕುರ್ಚಿಯಲ್ಲಿ ಕೂತು, ಕಾಲನ್ನು ಸಣ್ಣ ಮಣೆಯ ಮೇಲಿಟ್ಟು, ನಮ್ಮೂರ ಕಡೆ ಅಜ್ಜಿಯರು ಕತೆ ಶುರುಮಾಡುವ ದನಿಯಲ್ಲೇ ಶುರುಮಾಡಿದರು.

"ಒಂದು ಮನೇಲಿ ಒಂದು ನಾಯಿ ಇತ್ತಂತೆ. ಸದ್ದಾದರೆ ಸಾಕು ಬೊಗಳೋದು. ಮನೆಯೊಡತಿ ದಿನಾ ಬೈಯೋಳು, ನಿದ್ದೆ ಕೆಡಿಸ್ತದೆ ಅಂತ. ಒಂದು ದಿನ ನಾಯಿ ಸುಮ್ಮನಾಯ್ತು. ಅಬ್ಬ, ದೇವರು ಕಣ್ಣು ಬಿಟ್ಟ ಅಂತ ಮನೆಯೊಡತಿ ತೆಂಗಿನಕಾಯಿ ಒಡೆದಳು. ಬೀದಿಯೋರೂ ಬಂದು, ನಿಮ್ಮನೆ ಎಷ್ಟು ಶಾಂತವಾಗೈತೆ ಅಂತ ಕೈಮುಗಿದರು. ನಾಯಿ ಸುಮ್ಮನಾದದ್ದಲ್ಲ, ಸತ್ತಿತ್ತು. ಕಳ್ಳ ಬಂದು ಒಳಗೆ ಕೂತು ಊಟ ಮಾಡ್ತಿದ್ದ. ಆ ಮನೆಯೊಡತಿ ನಾನೇ ಕಣ್ರವ್ವ. ಕಳ್ಳನ ಹೆಸರು ಸಕ್ಕರೆ."

ಆ ಸಂಜೆ ಭಜನೆ ತಡವಾಗಿ ಶುರುವಾಯಿತು. ಮಾತ್ರೆಯನ್ನು ಬೇಕಾದಾಗ ಬೇಡವಾದಾಗ ನುಂಗುವುದು, ಉಪವಾಸದ ದಿನ ಇಂಜೆಕ್ಷನ್ ಬಿಡುವುದೋ ಹಾಕಿಕೊಳ್ಳುವುದೋ ಎಂಬ ಅನುಮಾನ, ಅಂಗಾಲಿನ ಆಣಿಯನ್ನು ಮನೆಯಲ್ಲೇ ಬ್ಲೇಡಿನಿಂದ ಕೊಯ್ಯುವುದು, ಒಬ್ಬೊಬ್ಬರ ಮನೆಯದೂ ಒಂದೊಂದು ಹೊರಬಿತ್ತು. ಅತ್ತೆ ತಿಳಿದಷ್ಟಕ್ಕೆ ಉತ್ತರ ಹೇಳಿದರು. ತಿಳಿಯದ್ದಕ್ಕೆ, "ಅದು ನನಗೆ ಗೊತ್ತಿಲ್ಲ, ಡಾಕ್ಟರಮ್ಮನ್ನ ಕೇಳು," ಎಂದರು.

ಗಾಯ ಒಂದೇ ಸಲಕ್ಕೆ ಮಾಯಲಿಲ್ಲ. ತಮಿಳರ ಆಡಿ ಮಾಸ ಕಳೆದು ಗಣೇಶನ ಹಬ್ಬದ ಹೊತ್ತಿಗೆ ಕೆಂಪು ಮಾಂಸ ತುಂಬಿ, ಮೇಲೆ ಹೊಸ ಚರ್ಮ ಕೂಡಿತು. ಬೆರಳು ಉಳಿಯಿತು. ಸ್ಪರ್ಶ ಮಾತ್ರ ಮರಳಲಿಲ್ಲ. ಮರಳುವ ಭರವಸೆಯನ್ನು ಡಾಕ್ಟರಮ್ಮ ಕೊಟ್ಟಿರಲೂ ಇಲ್ಲ. ಗುಡಿಗೆ ಈಗ ನಸುಕಿನ ತಂಪಿನಲ್ಲಿ, ದಪ್ಪ ಹತ್ತಿಯ ಕಾಲುಚೀಲ ಹಾಕಿ ಹೋಗುತ್ತಾರೆ. ಅರ್ಚಕರು ಮೊದಲ ದಿನ ಕಾಲನ್ನೂ ಮುಖವನ್ನೂ ನೋಡಿದರು, ಆಮೇಲೆ ಸುತ್ತಿನ ದಾರಿಯನ್ನು ತಾವೇ ಗುಡಿಸತೊಡಗಿದರು.

ಹಬ್ಬದ ಮಾರನೆಯ ದಿನ ಪ್ರೇಮಮ್ಮ ಕಡುಬು ಕೊಡುವ ನೆಪದಲ್ಲಿ ಬಂದರು. ಅಡುಗೆಮನೆಯಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡೇ ಹುರಳಿಕಾಯಿ ಬಿಡಿಸುತ್ತಿದ್ದರು. ಪ್ರೇಮಮ್ಮ ಅದೂ ಇದೂ ಮಾತಾಡಿ, ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಶಿವಲಿಂಗಮ್ಮನೋರೇ, ನನ್ನ ಕಾಲೂ ರಾತ್ರಿ ಹೊತ್ತು ಮೆಣಸಿನಪುಡಿ ಸವರಿದಂಗೆ ಉರಿಯುತ್ತೆ. ನಮ್ಮ ಯಜಮಾನ್ರು ವಾಯು ಅಂತಾರೆ. ನಾನು ಯಾರಿಗೂ ಹೇಳಿಲ್ಲ."

ಅತ್ತೆ ಕಾಯಿ ಕೆಳಗಿಟ್ಟು ಅವರ ಕಡೆ ತಿರುಗಿದರು.

"ಉರಿಯುತ್ತಾ?"

"ಬಹಳ ಉರಿಯುತ್ತೆ."

"ಪುಣ್ಯವಂತೆ ನೀನು. ನಾಯಿ ಇನ್ನೂ ಬೊಗಳ್ತಾ ಐತೆ," ಎಂದರು. "ನಾಳೆ ಬೆಳಿಗ್ಗೆ ಏನೂ ತಿನ್ನಬೇಡ. ಮೊದಲು ಹಸಿದ ಹೊಟ್ಟೇಲೇ ರಕ್ತ ತಗೀತಾರೆ. ನಾನೇ ಕರ್ಕೊಂಡು ಹೋಗ್ತೀನಿ, ಆ ಡಾಕ್ಟರಮ್ಮ ನನ್ನ ಮಾತು ಕೇಳ್ತಾಳೆ."

"ನಿಮ್ಮ ಮಾತು ಅವರು ಕೇಳೋದಾ, ಅವರ ಮಾತು ನೀವಾ?" ಎಂದೆ ನಾನು.

"ನೀನು ಸುಮ್ನೆ ಕಡುಬು ಎತ್ತಿಡು," ಎಂದರು ಅತ್ತೆ, "ನನಗೆ ಒಂದೇ ಸಾಕು, ಹೂರಣ ಕಮ್ಮಿ ಇರೋದು ನೋಡಿ ಕೊಡು."